ನಮ್ಮಲ್ಲೇ ಉಳಿದ ಹಟ್ಟಿಗಳ ತಲೆ ಲೆಕ್ಕ ಪಟ್ಟಣ ಪಂಚಾಯಿತಿಗೆ ಹೋಗಿದೆ. ಅನುದಾನಕ್ಕಾಗಿ ಕೋರ್ಟಿಗೆ ಹೋಗಬಹುದಾ?

ಬಯಲುಸೀಮೆ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವಳು, ಅವಧಿ ಮುಗಿಯುತ್ತಾ ಬಂತು. ಊರಿನ ಹೆಸರು ಇಲ್ಲಿ ಹಾಕುವುದಿಲ್ಲ, ವಿಷಯ ಮಾತ್ರ ಹೇಳುತ್ತೇನೆ.

ಪಕ್ಕದ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿ ಮಾಡಿದರು. ಹೆದ್ದಾರಿ ಪಕ್ಕ ಇದ್ದ ನಮ್ಮ ಒಂದು ಊರನ್ನೂ ಅದಕ್ಕೆ ಸೇರಿಸಿದರು. ಊರು ಹೋಯಿತು, ಆದರೆ ಆ ಊರಿಗೆ ಸೇರಿದ ಎರಡು ಹಟ್ಟಿ ಕೆರೆಯಾಚೆ ಇದ್ದಾವೆ, ಅವು ನಮ್ಮಲ್ಲೇ ಉಳಿದವು. ಅದಾದ ಮೇಲೆ ಬಂದ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದ ಕಂತು ನೋಡಿದರೆ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಕೇಳಿದರೆ "ಜನಸಂಖ್ಯೆ ಕಡಿಮೆ ಆಗಿದೆಯಲ್ಲ ಮೇಡಂ, ದುಡ್ಡೂ ಕಡಿಮೆ" ಅಂದರು. ಎಷ್ಟು ಜನರನ್ನು ಕಳೆದಿದ್ದೀರಿ ಅಂದರೆ ಉತ್ತರ ಇಲ್ಲ.

ಮಾರ್ಚಿನಲ್ಲಿ ಆ ಹಟ್ಟಿಗಳ ಬೋರ್‌ವೆಲ್ ಮೋಟಾರ್ ಸುಟ್ಟಿತು. ಮೇಲೆತ್ತಿಸಿ, ರಿವೈಂಡಿಂಗ್ ಮಾಡಿಸಿ, ಕೇಬಲ್ ಬದಲಾಯಿಸಿ ಮತ್ತೆ ಇಳಿಸುವಷ್ಟರಲ್ಲಿ ಹದಿನೆಂಟು ದಿನ ಆಯಿತು. ಅಷ್ಟೂ ದಿನ ಇನ್ನೊಂದು ಊರಿನ ಲೈನಿನಿಂದ ರಾತ್ರಿ ಹನ್ನೊಂದೂವರೆಗೆ ನೀರು ಬಿಟ್ಟರು. ನಾನೂ ಹೋಗಿ ನಿಂತಿದ್ದೆ. ಬಾಣಂತಿಯೊಬ್ಬಳು ಮಗುವನ್ನು ಅತ್ತೆ ಕೈಗೆ ಕೊಟ್ಟು ಕೊಡ ಹಿಡಿದು ನಿಂತಿದ್ದಳು. ರಿಪೇರಿಗೆ ನೀರಿನ ಬಾಬ್ತಿನಲ್ಲಿ ದುಡ್ಡೇ ಇರಲಿಲ್ಲ. ನಮಗೆ ಬರಬೇಕಾದ ಪಾಲನ್ನು ಕೋರ್ಟಿನಲ್ಲಿ ಕೇಳಬಹುದಾ? ಪಂಚಾಯಿತಿಯೇ ಸರ್ಕಾರದ ಮೇಲೆ ಕೇಸು ಹಾಕಬಹುದಾ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಪಿಡಿಒ

ಮೇಡಂ, ಮೊದಲು ಹಂಚಿಕೆ ಹೇಗೆ ಆಗುತ್ತದೆ ಅನ್ನುವುದು ಸ್ಪಷ್ಟ ಇರಲಿ. 14ನೇ ಹಣಕಾಸು ಆಯೋಗದ ಕಾಲದಲ್ಲಿ, ಅಂದರೆ 2015ರಿಂದ 2020ರವರೆಗೆ, ಗ್ರಾಮೀಣ ಭಾಗದ ಪೂರ್ತಿ ಹಣ ಗ್ರಾಮ ಪಂಚಾಯಿತಿಗೇ ಬರುತ್ತಿತ್ತು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಪಾಲೇ ಇರಲಿಲ್ಲ. 15ನೇ ಆಯೋಗ ಮೂರೂ ಹಂತಕ್ಕೆ ಕೊಡಿ ಎಂದಿತು. ನಮ್ಮ ರಾಜ್ಯದಲ್ಲಿ ಅದು 85, 10, 5 ಆಯಿತು. ನೂರಕ್ಕೆ 85 ಗ್ರಾಮ ಪಂಚಾಯಿತಿಗಳದ್ದು, 10 ತಾಲ್ಲೂಕಿನದ್ದು, 5 ಜಿಲ್ಲೆಯದ್ದು. 2021ರಿಂದ 2026ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಇಟ್ಟ ಮೊತ್ತ 2,36,805 ಕೋಟಿ.

ಆ 85ನ್ನು ಪಂಚಾಯಿತಿಗಳ ನಡುವೆ ಹಂಚಲು ರಾಜ್ಯ ಹಣಕಾಸು ಆಯೋಗದ ಸೂತ್ರ ಒಪ್ಪಿದ್ದರೆ ಅದು. ಇಲ್ಲದಿದ್ದರೆ ಜನಸಂಖ್ಯೆಗೆ 90, ವಿಸ್ತೀರ್ಣಕ್ಕೆ 10. ಜನಸಂಖ್ಯೆ ಅಂದರೆ 2011ರ ಜನಗಣತಿ, ಅದರ ನಂತರ ಗಣತಿಯೇ ಆಗಿಲ್ಲವಲ್ಲ. ಬಂದದ್ದರಲ್ಲಿ 60 ಭಾಗ ನಿರ್ಬಂಧಿತ: ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ 40 ಅನಿರ್ಬಂಧಿತ, ಆದರೆ ಅದರಲ್ಲಿ ಸಂಬಳ ಕೊಡುವಂತಿಲ್ಲ. ಒಂದು ಬಾಬ್ತಿನ ಅಗತ್ಯ ಪೂರ್ತಿ ಮುಗಿದಿದ್ದರೆ ಆ ಹಣವನ್ನು ಇನ್ನೊಂದಕ್ಕೆ ಬಳಸಲು ಅವಕಾಶ ಇದೆ, ನಿಮ್ಮ ಪಿಡಿಒ ಇದನ್ನು ನೋಡಿದ್ದಾರಾ?

ಇನ್ನೊಂದು ಮಾತು. ಕೇಂದ್ರದಿಂದ ರಾಜ್ಯಕ್ಕೆ ಹಣ ಬಂದ 10 ಕೆಲಸದ ದಿನದೊಳಗೆ ಪಂಚಾಯಿತಿ ಖಾತೆಗೆ ಹಾಕಬೇಕು. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಇದು ಮಾರ್ಗಸೂಚಿಯಲ್ಲೇ ಇದೆ. ನನ್ನ ಸರ್ವಿಸಿನಲ್ಲಿ ಆ ಬಡ್ಡಿ ಕೇಳಿದ ಪಂಚಾಯಿತಿ ಒಂದನ್ನೂ ನಾನು ನೋಡಲಿಲ್ಲ. ನಾನೂ ಕೇಳಲಿಲ್ಲ, ಆ ನೋವು ಈಗಲೂ ಇದೆ.

ಧಾರವಾಡ ಪೀಠದ ವಕೀಲ

ಸದಸ್ಯೆಯವರ ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಹೌದು, ಪಂಚಾಯಿತಿ ಕೇಸು ಹಾಕಬಹುದು. ಗೋವಾದ ಕಲಂಗುಟ್ ಗ್ರಾಮ ಪಂಚಾಯಿತಿ ಮೇಲಧಿಕಾರಿಯ ಆದೇಶ ಪ್ರಶ್ನಿಸಿ ಹೋದಾಗ ಬಾಂಬೆ ಹೈಕೋರ್ಟು ನಿಮಗೆ ಆ ಹಕ್ಕಿಲ್ಲ ಎಂದಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಪಂಚಾಯಿತಿ ಸಂವಿಧಾನ ಹುಟ್ಟಿಸಿದ ಸಂಸ್ಥೆ, ತನ್ನ ಜನರ ಪರವಾಗಿ ನ್ಯಾಯಾಲಯಕ್ಕೆ ಬರಬಹುದು ಎಂಬುದು ಅದರ ಸಾರ. ಕೈಕೆಳಗಿನ ಕಚೇರಿ ಮೇಲಿನ ಕಚೇರಿಯ ಮೇಲೆ ದೂರು ಕೊಟ್ಟಂತೆ ಇದನ್ನು ನೋಡಬೇಕಾಗಿಲ್ಲ.

ಮೊದಲ ಪ್ರಶ್ನೆ ಕಷ್ಟದ್ದು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ 243ಎಚ್ ವಿಧಿ ಓದಿ. ರಾಜ್ಯದ ಶಾಸಕಾಂಗ ಕಾನೂನು ಮಾಡಿ ಪಂಚಾಯಿತಿಗಳಿಗೆ ತೆರಿಗೆ, ಪಾಲು, ಅನುದಾನ ಕೊಡ"ಬಹುದು" ಎಂದಿದೆ. ಕೊಡ"ಬೇಕು" ಎಂದಿಲ್ಲ. 243ಐ ಪ್ರಕಾರ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸಲೇಬೇಕು, ಅದರ ಶಿಫಾರಸನ್ನೂ ಅದರ ಮೇಲೆ ಏನು ಮಾಡಿದೆವು ಎಂಬ ವಿವರಣೆಯನ್ನೂ ಸದನದ ಮುಂದೆ ಇಡಲೇಬೇಕು. ಆದರೆ ಶಿಫಾರಸು ಒಪ್ಪಲೇಬೇಕು ಎಂದಿಲ್ಲ. ನಮ್ಮಲ್ಲಿ ಡಾ. ಜಿ. ತಿಮ್ಮಯ್ಯನವರ ಮೊದಲ ಆಯೋಗ ರಾಜ್ಯದ ಸಾಲವಲ್ಲದ ಸ್ವಂತ ವರಮಾನದ 36 ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಿ, ಅದನ್ನು ಗ್ರಾಮ ಮತ್ತು ನಗರಗಳ ನಡುವೆ 85 ಮತ್ತು 15ರಂತೆ ಹಂಚಿ ಎಂದಿತ್ತು. ಅಲ್ಲಿಂದ 2023ರಲ್ಲಿ ರಚನೆಯಾದ ಸಿ. ನಾರಾಯಣಸ್ವಾಮಿಯವರ ಐದನೇ ಆಯೋಗದವರೆಗೆ ಪ್ರತಿ ಆಯೋಗವೂ ಲೆಕ್ಕ ಹಾಕಿಕೊಟ್ಟಿದೆ. ಆ ಶೇಕಡಾವಾರನ್ನು ಹಿಡಿದು "ನನಗಿಷ್ಟು ಕೊಡಿಸಿ" ಎಂದು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರೆ, ಇದು ಸರ್ಕಾರದ ನೀತಿಯ ವಿಷಯ ಎಂದು ವಾಪಸು ಬರುವ ಸಾಧ್ಯತೆಯೇ ಹೆಚ್ಚು.

ಊರನ್ನು ಪಟ್ಟಣಕ್ಕೆ ಸೇರಿಸಿದ್ದನ್ನು ಪ್ರಶ್ನಿಸುವುದೂ ಸುಲಭವಲ್ಲ. ಮಹಾರಾಷ್ಟ್ರದ ಕಲ್ಯಾಣ ನಗರಪಾಲಿಕೆ ರಚನೆಯ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟು ಇದನ್ನು ಶಾಸನ ಮಾಡುವಂಥ ಕೆಲಸ ಎಂದು ಕರೆದಿದೆ. ಕಾಯ್ದೆಯಲ್ಲಿ ಹೇಳಿದಷ್ಟು ಆಕ್ಷೇಪಣೆ ಕೇಳಿದ್ದರೆ ಸಾಕು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಹಾಗಾಗಿ ನನ್ನ ಸಲಹೆ ಬೇರೆ. ಈಗಲೇ ಹಣ ಕೇಳಬೇಡಿ ಅಕ್ಕ, ಲೆಕ್ಕ ಕೇಳಿ. ಸೂತ್ರ ಏನೇ ಇರಲಿ, ಅದಕ್ಕೆ ಹಾಕಿದ ಅಂಕಿ ತಪ್ಪಿದ್ದರೆ ಅದು ನೀತಿಯ ವಿಷಯ ಅಲ್ಲ. ಸರ್ಕಾರ ತಾನೇ ಒಪ್ಪಿದ ಸೂತ್ರವನ್ನು ತಾನೇ ತಪ್ಪಾಗಿ ಅನ್ವಯಿಸಿದೆ ಎಂದಾಗ ಹೈಕೋರ್ಟು ಕೇಳುತ್ತದೆ. ಹಂಚಿಕೆ ಪಟ್ಟಿಯಲ್ಲಿ ನಿಮ್ಮ ಪಂಚಾಯಿತಿ ಮುಂದೆ ಯಾವ ಜನಸಂಖ್ಯೆ ಬರೆದಿದ್ದಾರೆ? 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನ ಕಾಯಿರಿ.

ಬೆಂಗಳೂರಲ್ಲಿರೋ ಊರವನು

ನೀರಿನ ಕಷ್ಟ ನಿಜ, ಅದಕ್ಕೆ ಎರಡು ಮಾತಿಲ್ಲ. ಆದರೆ ಕೋರ್ಟಿಗೆ ಹೋಗುವ ಮೊದಲು ನಮ್ಮ ಮನೆ ನೋಡಿಕೊಳ್ಳಬೇಕು ಅನಿಸುತ್ತದೆ. ನಮ್ಮೂರ ಪಂಚಾಯಿತಿಯಲ್ಲಿ ಅರ್ಧಕ್ಕರ್ಧ ಮನೆಯವರು ಕಂದಾಯವನ್ನೇ ಕಟ್ಟಿಲ್ಲ. ಕೇಳಲು ಹೋದ ಬಿಲ್ ಕಲೆಕ್ಟರ್‌ಗೆ "ಎಲೆಕ್ಷನ್ ಬರಲಿ ನೋಡ್ಕೋತೀವಿ" ಅಂತಾರೆ. ಅನುದಾನ ಬಂದ ತಕ್ಷಣ ಸದಸ್ಯರ ಸಂಖ್ಯೆಯಿಂದ ಭಾಗಿಸಿ ಒಬ್ಬೊಬ್ಬರ ವಾರ್ಡಿಗೆ ಒಂದೊಂದು ಚರಂಡಿ. ಯಾವ ಹಟ್ಟಿಗೆ ನೀರಿಲ್ಲ ಅಂತ ಯಾರು ನೋಡುತ್ತಾರೆ? ಸರ್ಕಾರ ನಮಗೆ ನ್ಯಾಯವಾಗಿ ಹಂಚಲಿಲ್ಲ ಅನ್ನುವ ನಾವು ಒಳಗೆ ಹೇಗೆ ಹಂಚುತ್ತಿದ್ದೇವೆ?

ಬಯಲುಸೀಮೆ ಸದಸ್ಯೆ

ಅಣ್ಣ, ನೀವು ಹೇಳಿದ್ದು ನಮ್ಮಲ್ಲೂ ಇದೆ. ಕ್ರಿಯಾಯೋಜನೆ ದಿನ ಹದಿನಾರು ಜನ ಸದಸ್ಯರು, ಹದಿನಾರು ಭಾಗ. ನಾನು ಎರಡು ವರ್ಷ ಸುಮ್ಮನಿದ್ದೆ. ಮೂರನೇ ವರ್ಷ ನನ್ನ ಪಾಲನ್ನು ಆ ಹಟ್ಟಿಗಳ ಪೈಪ್‌ಲೈನಿಗೆ ಹಾಕಿ ಅಂದೆ, ಅವು ನನ್ನ ವಾರ್ಡಲ್ಲ. ನನಗೆ ವೋಟು ಹಾಕಿದವರು ಬಂದು ಜಗಳ ಆಡಿದರು. ಆದರೆ ಒಳಗಿನ ತಪ್ಪು ಇದೆ ಅಂತ ಹೊರಗಿನ ತಪ್ಪನ್ನು ಬಿಟ್ಟುಕೊಡಲು ಆಗುವುದಿಲ್ಲ. ಬಾರದೇ ಇರುವ ದುಡ್ಡನ್ನು ನ್ಯಾಯವಾಗಿ ಹಂಚುವುದು ಹೇಗೆ?

ನಿವೃತ್ತ ಪಿಡಿಒ

ಬೆಂಗಳೂರಿನ ಸರ್, ಕಂದಾಯದ ಮಾತು ಒಪ್ಪುತ್ತೇನೆ. ಆದರೆ ಒಣ ತಾಲ್ಲೂಕಿನ ಪಂಚಾಯಿತಿಗೆ ಕಂದಾಯ ನೂರಕ್ಕೆ ನೂರು ಬಂದರೂ ನೀರು, ಬೀದಿದೀಪದ ಕರೆಂಟ್ ಬಿಲ್ಲು ಕಟ್ಟಲು ಸಾಲದು. ಹೆದ್ದಾರಿ ಬದಿಯ ಊರು, ಅಂದರೆ ಅಂಗಡಿ, ಲಾಡ್ಜು, ಕಲ್ಯಾಣ ಮಂಟಪ ಇರುವ ಊರೇ ಪಟ್ಟಣಕ್ಕೆ ಹೋಗಿಬಿಟ್ಟಿದೆ. ಉಳಿದದ್ದು ಹಟ್ಟಿಗಳು. ಕಂದಾಯ ಕೊಡುವ ಭಾಗ ಆ ಕಡೆ, ನೀರು ಕೇಳುವ ಭಾಗ ಈ ಕಡೆ. ಇಂಥ ಕಡೆ ತಲೆ ಎಣಿಕೆಯ ಅನುದಾನವೇ ಆಧಾರ.

ತಾಲ್ಲೂಕು ಪಂಚಾಯಿತಿಯ 10 ಭಾಗದಿಂದ ಸಹಾಯ ಕೇಳಿ ಅನ್ನೋಣ ಎಂದರೆ ಅಲ್ಲಿ 2021ರಿಂದ ಚುನಾಯಿತ ಸದಸ್ಯರೇ ಇಲ್ಲ. ಚುನಾಯಿತ ಸಂಸ್ಥೆ ಇಲ್ಲದ ಕಡೆ ಅನುದಾನವೂ ಇಲ್ಲ ಎನ್ನುವುದು ಕೇಂದ್ರದ ಷರತ್ತು.

ಧಾರವಾಡ ಪೀಠದ ವಕೀಲ

ಅದಕ್ಕೊಂದು ಮಾತು ಸೇರಿಸುತ್ತೇನೆ. ಕ್ಷೇತ್ರ ವಿಂಗಡಣೆ ಮುಗಿದಿಲ್ಲ ಎಂಬ ಕಾರಣಕ್ಕೆ ಸ್ಥಳೀಯ ಚುನಾವಣೆ ತಡೆಯಬಾರದು ಎಂದು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಮಾತು ಎಲ್ಲ ರಾಜ್ಯಗಳಿಗೂ ಅನ್ವಯ. ಹೀಗಿದ್ದೂ ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಖಾಲಿ ಕೂತಿವೆ. ಚುನಾವಣೆಯ ತಕರಾರು ಬೇರೆ, ಹಣದ ತಕರಾರು ಬೇರೆ ಎಂದು ನಾವು ಅಂದುಕೊಳ್ಳುತ್ತೇವೆ. ಎರಡೂ ಒಂದೇ.

ಸಂಡೂರು ಹುಡುಗ

ನಮ್ಮ ಕಡೆದು ಇನ್ನೊಂದು ಥರದ ಹಂಚಿಕೆ ಐತ್ರಿ. ನಿಮ್ಮಲ್ಲಿ ತಲೆ ಎಣಿಸ್ತಾರ, ನಮ್ಮಲ್ಲಿ ದೂರ ಅಳಿತಾರ. ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ, ಗಣಿಯಿಂದ ಬಾಧೆ ಆದ ಊರುಗಳಿಗೆ ಖರ್ಚು ಮಾಡೋ ನಿಧಿ, 2015ರ ಗಣಿ ಕಾಯ್ದೆ ತಿದ್ದುಪಡಿಯಾಗ ಬಂತು. ಹಳೆ ಗುತ್ತಿಗೆಯ ಗಣಿಯವರು ರಾಯಲ್ಟಿಯ 30 ಭಾಗ, ಹರಾಜಿನಾಗ ತಗೊಂಡವರು 10 ಭಾಗ ಈ ನಿಧಿಗೆ ಕಟ್ಟಬೇಕು. 2024ರ ಹೊಸ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ಒಳಗಿನದು ನೇರ ಬಾಧಿತ, 25ರ ತನಕ ಪರೋಕ್ಷ ಬಾಧಿತ. 70 ಭಾಗ ನೇರ ಬಾಧಿತ ಪ್ರದೇಶಕ್ಕ ಹೋಗಬೇಕು.

2021ರಾಗ ಹೊಸಪೇಟೆ ಕಡೆ ತಾಲ್ಲೂಕುಗಳು ವಿಜಯನಗರ ಜಿಲ್ಲೆ ಆದ್ವು. ಗಣಿ ಇರೋ ನಮ್ಮ ಸಂಡೂರು ಬಳ್ಳಾರಿಯಾಗ ಉಳೀತು. ಆದ್ರ ಅದಿರಿನ ಲಾರಿ ಜಿಲ್ಲಾ ಗಡಿ ನೋಡಿ ನಿಲ್ಲೂದಿಲ್ಲಲ್ರಿ, ಧೂಳೂ ನಿಲ್ಲೂದಿಲ್ಲ. ನಮ್ಮವ್ವ ಬೆಳಿಗ್ಗೆ ಒಗದು ಹಾಕಿದ ಬಿಳಿ ಧೋತ್ರ ಸಂಜೀಕ ಕೆಮ್ಮಣ್ಣಿನ ಬಣ್ಣ ಆಗಿರ್ತದ. ಇಂಥಾ ನಿಧಿಯಿಂದ ರಾಜ್ಯದ ಖಜಾನೆಗೆ, ರಾಜ್ಯದ ಬ್ಯಾರೆ ನಿಧಿಗೆ ದುಡ್ಡು ತಗೀಬಾರದು ಅಂತ 2021ರ ಜುಲೈದಾಗ ಕೇಂದ್ರ ಆದೇಶ ಮಾಡೇತಿ. ಆದ್ರ ಯಾವ ಕೆಲಸ, ಯಾವ ಊರಿಗೆ ಅಂತ ತೀರ್ಮಾನ ಮಾಡೋ ಸಮಿತಿ ಜಿಲ್ಲಾಧಿಕಾರಿ ಅಧ್ಯಕ್ಷತೆದು. ನಮ್ಮ ಪಂಚಾಯಿತಿ ಠರಾವು ಕಳಿಸ್ತದ, ಆಮ್ಯಾಲ ಏನಾತು ಅನ್ನೂದು ಪೇಪರ್‌ನಾಗ ಓದಿ ತಿಳ್ಕೋಬೇಕು. ವಕೀಲ್ ಸಾಹೇಬ್ರು ಹೇಳಿದ್ದು ಖರೇ, ಲೆಕ್ಕದ ಹಾಳಿ ಕೈಯಾಗ ಇರಲಾರದ ಮಾತಾಡಿದ್ರ ಯಾರೂ ಕೇಳೂದಿಲ್ಲ.

ಮಂಜೇಶ್ವರದ ಕನ್ನಡ ಮೇಷ್ಟ್ರು

ನಾನು ಕಾಸರಗೋಡು ಜಿಲ್ಲೆಯವನು, ಆದ್ದರಿಂದ ಕೇರಳದ ಪದ್ಧತಿ ಗೊತ್ತು. ಇಲ್ಲಿ 1996ರಲ್ಲಿ ಜನಕೀಯ ಆಸೂತ್ರಣ, ಅಂದರೆ ಜನರೇ ಯೋಜನೆ ಮಾಡುವ ಪದ್ಧತಿ, ಶುರುವಾದಾಗ ಯೋಜನಾ ಮೊತ್ತದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಅದಕ್ಕಿಂತ ದೊಡ್ಡ ಸಂಗತಿ ಬಜೆಟ್ಟಿನ ನಾಲ್ಕನೇ ಅನುಬಂಧ. ಪ್ರತಿಯೊಂದು ಪಂಚಾಯತಿನ ಹೆಸರಿನ ಮುಂದೆ ಆ ವರ್ಷ ಎಷ್ಟು ಹಣ ಎಂದು ಅಚ್ಚಾಗಿರುತ್ತದೆ, ವಿಧಾನಸಭೆಯ ಮುಂದೆ ಬರುತ್ತದೆ. ನಮ್ಮ ಪಂಚಾಯತಿಗೆ ಎಷ್ಟು, ಪಕ್ಕದವರಿಗೆ ಎಷ್ಟು ಎಂದು ತಿಳಿಯಲು ನಾನು ಅರ್ಜಿ ಹಾಕಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಹೆಂಗಸರು ಆ ಅಂಕಿ ಹಿಡಿದು ಪ್ರಶ್ನೆ ಕೇಳುವುದನ್ನು ನೋಡಿದ್ದೇನೆ.

ಇಲ್ಲಿಯೂ ಎಲ್ಲವೂ ಸರಿ ಇಲ್ಲ. ಮಾರ್ಚ್ ಕೊನೆಗೆ ಖಜಾನೆಯಲ್ಲಿ ಬಿಲ್ಲುಗಳು ಸಾಲಾಗಿ ನಿಲ್ಲುತ್ತವೆ, ಪಾಸಾಗದೆ ಮುಂದಿನ ವರ್ಷಕ್ಕೆ ಹೋಗುತ್ತವೆ. ಆದರೂ ಅಚ್ಚಾದ ಅಂಕಿ ಕಣ್ಣ ಮುಂದಿದ್ದರೆ ಎಷ್ಟು ತಪ್ಪಿಹೋಯಿತು ಎಂದಾದರೂ ಗೊತ್ತಾಗುತ್ತದೆ.

ದಾವಾವೊದಲ್ಲಿ ಓದಿದವಳು

ನಾನು ವೈದ್ಯಕೀಯ ಓದಿದ್ದು ಫಿಲಿಪ್ಪೀನ್ಸಿನ ದಾವಾವೊದಲ್ಲಿ. ಅಲ್ಲಿ ಬರಾಂಗಾಯ್ ಅಂದರೆ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿ. ನನ್ನ ಸಮುದಾಯ ವೈದ್ಯಕೀಯ ತರಬೇತಿ ಒಂದು ಬರಾಂಗಾಯ್ ಆರೋಗ್ಯ ಕೇಂದ್ರದಲ್ಲಿತ್ತು. ಅಲ್ಲಿನ ನರ್ಸ್ ಯಾವಾಗಲೂ "ಮಂದಾನಾಸ್ ದುಡ್ಡು ಬಂದ ಮೇಲೆ" ಅನ್ನುತ್ತಿದ್ದರು. ಅದೊಂದು ಕೋರ್ಟ್ ತೀರ್ಪು ಎಂದು ಆಮೇಲೆ ಗೊತ್ತಾಯಿತು.

ಅಲ್ಲಿ ಸ್ಥಳೀಯ ಸರ್ಕಾರಗಳಿಗೆ 40 ಭಾಗ ಎಂದು 1991ರ ಕಾನೂನಿನಲ್ಲೇ ಬರೆದಿದೆ. ಆದರೆ ದೇಶದೊಳಗೆ ವಸೂಲಾಗುವ ತೆರಿಗೆಗಳ 40 ಭಾಗ ಮಾತ್ರ ಕೊಡುತ್ತಿದ್ದರು, ಕಸ್ಟಮ್ಸ್ ವಸೂಲಿಯನ್ನು ಸೇರಿಸುತ್ತಿರಲಿಲ್ಲ. ಬಟಾಂಗಾಸ್ ಪ್ರಾಂತ್ಯದ ಹರ್ಮಿಲಾಂಡೊ ಮಂದಾನಾಸ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದಲ್ಲಿ "ರಾಷ್ಟ್ರೀಯ ತೆರಿಗೆಗಳಲ್ಲಿ ನ್ಯಾಯವಾದ ಪಾಲು" ಎಂದಿದೆ, ಎಲ್ಲ ರಾಷ್ಟ್ರೀಯ ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು 2018ರ ಜುಲೈ 3ರಂದು ತೀರ್ಪು ಬಂತು. ಹಳೆಯ ಬಾಕಿ ಕೊಡಲಿಲ್ಲ, 2022ರಿಂದ ಹೆಚ್ಚಿನ ಹಣ ಬಂತು. ಪ್ರಾಂತ್ಯಗಳಿಗೆ 23, ನಗರಗಳಿಗೆ 23, ಪುರಸಭೆಗಳಿಗೆ 34, ಬರಾಂಗಾಯ್‌ಗಳಿಗೆ 20.

ಸದಸ್ಯೆ ಅಕ್ಕನ ಕಥೆಗೆ ಇನ್ನೂ ಹತ್ತಿರದ್ದು ಬೇರೊಂದು ಕೇಸು. ಅಲ್ಲಿ 16 ಪುರಸಭೆಗಳನ್ನು ಕಾನೂನು ಮಾಡಿ ನಗರಗಳನ್ನಾಗಿ ಮಾಡಿದರು. ಆಗಲೇ ಇದ್ದ ನಗರಗಳು, ನಮ್ಮ 23 ಭಾಗಕ್ಕೆ ಇನ್ನೂ 16 ಜನ ಬಂದು ಕೂತರೆ ನಮ್ಮ ತಟ್ಟೆ ಖಾಲಿ ಆಗುತ್ತದೆ ಎಂದು ಕೋರ್ಟಿಗೆ ಹೋದವು. 2008ರಲ್ಲಿ ಕಾನೂನು ಬಿದ್ದುಹೋಯಿತು, 2009ರಲ್ಲಿ ಎದ್ದಿತು, 2010ರಲ್ಲಿ ಮತ್ತೆ ಬಿತ್ತು, 2011ರಲ್ಲಿ ಕೊನೆಗೂ ನಿಂತಿತು. ಒಂದೇ ಕೋರ್ಟು, ಅದೇ ಕೇಸು. ಆ ವರ್ಷಗಳಲ್ಲಿ ತಮ್ಮೂರು ಪುರಸಭೆಯೋ ನಗರವೋ ಎಂದು ಅಲ್ಲಿನ ಜನಕ್ಕೇ ಗೊತ್ತಿರಲಿಲ್ಲ.

ಧಾರವಾಡ ಪೀಠದ ವಕೀಲ

ಡಾಕ್ಟರಮ್ಮ, ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ವ್ಯತ್ಯಾಸ ಇಲ್ಲೇ ಇದೆ. ಅವರ ಕಾನೂನಿನಲ್ಲಿ 40 ಎಂಬ ಅಂಕಿ ಇತ್ತು, ನ್ಯಾಯಾಧೀಶರ ಕೈಗೆ ಹಿಡಿಯಲು ಏನೋ ಒಂದು ಸಿಕ್ಕಿತು. ನಮ್ಮ 243ಎಚ್‌ನಲ್ಲಿ ಅಂಕಿಯೇ ಇಲ್ಲ.

ಬಯಲುಸೀಮೆ ಸದಸ್ಯೆ

ಮಾಹಿತಿ ಹಕ್ಕು ಅರ್ಜಿಗೆ ಮೂವತ್ತೆರಡು ದಿನಕ್ಕೆ ಉತ್ತರ ಬಂತು. ಎರಡು ಹಾಳೆ. ನಮ್ಮ ಪಂಚಾಯಿತಿ ಮುಂದೆ ಬರೆದ ಜನಸಂಖ್ಯೆಯಲ್ಲಿ ಆ ಊರಿನ 2011ರ ಪೂರ್ತಿ ಸಂಖ್ಯೆ ಕಳೆದಿದ್ದಾರೆ. ಹಟ್ಟಿಗಳದ್ದೂ ಸೇರಿ! ಕಂದಾಯ ಗ್ರಾಮ ಒಂದೇ, ಜನಗಣತಿ ಪುಸ್ತಕದಲ್ಲಿ ಹಟ್ಟಿಗಳ ಹೆಸರೇ ಇಲ್ಲವಂತೆ, ಅದಕ್ಕೆ ಹಾಗೆ ಮಾಡಿದ್ದೇವೆ ಅಂದರು. ಅಂದರೆ ಆ ಜನರ ತಲೆ ಲೆಕ್ಕದ ದುಡ್ಡು ಪಟ್ಟಣದ ಪಾಲಿಗೆ, ಅವರಿಗೆ ನೀರು ಕೊಡುವ ಹೊಣೆ ನಮ್ಮ ಪಾಲಿಗೆ. ಓದಿ ನನ್ನ ಕೈ ನಡುಗಿತು. ಆದರೆ ಹಟ್ಟಿಯಲ್ಲಿ 2011ರಲ್ಲಿ ಎಷ್ಟು ಜನ ಇದ್ದರು ಅನ್ನುವುದನ್ನು ಎಲ್ಲಿಂದ ತರಲಿ?

ನಿವೃತ್ತ ಪಿಡಿಒ

ಮೇಡಂ, ಸಿಕ್ಕಿತು ಅಂದುಕೊಳ್ಳಿ. ನಮ್ಮ ಕಾಯ್ದೆಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. 2020ರ ಚುನಾವಣೆಗೆ ಮೊದಲು ಸ್ಥಾನ ನಿಗದಿ ಮಾಡಿ ಜಿಲ್ಲಾಧಿಕಾರಿ ಅಧಿಸೂಚನೆ ಹೊರಡಿಸಿರುತ್ತಾರೆ. ಆ ಹಟ್ಟಿಗಳು ಬೇರೆ ಕ್ಷೇತ್ರವಾಗಿದ್ದರೆ ಅದಕ್ಕೆ ಬಳಸಿದ 2011ರ ಜನಸಂಖ್ಯೆ ಆ ಕಡತದಲ್ಲಿ ಇರಲೇಬೇಕು. ಜನಗಣತಿಯವರು ಊರನ್ನು ಗಣತಿ ಬ್ಲಾಕುಗಳಾಗಿ ಒಡೆದು ಎಣಿಸುತ್ತಾರೆ, ಕ್ಷೇತ್ರ ಮಾಡುವುದು ಆ ಬ್ಲಾಕಿನ ಅಂಕಿಯಿಂದಲೇ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಹೋಗಿ, ಗ್ರಾಮ ಪಂಚಾಯಿತಿ ಕ್ಷೇತ್ರ ರಚನೆ ಕಡತ ಕೇಳಿ.

ಧಾರವಾಡ ಪೀಠದ ವಕೀಲ

ಅದು ಸಿಕ್ಕರೆ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿಸಿ, ಅಂಕಿ ತಿದ್ದಲು ಮನವಿ ಕೊಡಿ, ಪಂಚಾಯಿತಿ ಹೆಸರಿನಲ್ಲಿಯೇ ಕೊಡಿ. ಸ್ವೀಕೃತಿ ಮೊಹರು ಬಿಡಬೇಡಿ. ಉತ್ತರ ಕೊಡದಿದ್ದರೆ, ಈ ಮನವಿಯನ್ನು ಇಷ್ಟು ದಿನದಲ್ಲಿ ತೀರ್ಮಾನಿಸಿ ಎಂಬ ಆದೇಶ ಕೇಳಿ ರಿಟ್ ಹಾಕಬಹುದು. ಅಂಥ ಆದೇಶ ಸಿಗುವುದು ಕಷ್ಟವಲ್ಲ. ವಕೀಲರ ಖರ್ಚು 15ನೇ ಹಣಕಾಸಿನಿಂದ ಬೇಡ, ಪಂಚಾಯಿತಿಯ ಸ್ವಂತ ನಿಧಿಯಿಂದ, ನಿರ್ಣಯ ಮಾಡಿ. ನಿಮ್ಮದು ತುಮಕೂರು, ಬೆಂಗಳೂರು ಪೀಠಕ್ಕೆ ಹೋಗಬೇಕು. ಅಲ್ಲಿ ನನ್ನ ಸ್ನೇಹಿತರಿದ್ದಾರೆ, ಫೀಸಿನ ಮಾತು ಆಮೇಲೆ.

ಬಯಲುಸೀಮೆ ಸದಸ್ಯೆ

ಕಡತ ಸಿಕ್ಕಿತು ಸರ್! ಪಿಡಿಒ ಸರ್ ಹೇಳಿದ ಹಾಗೇ ಇತ್ತು. ಎರಡು ಹಟ್ಟಿ ಸೇರಿ ಒಂದು ಕ್ಷೇತ್ರ, ಮುಂದೆ ಜನಸಂಖ್ಯೆ, ಕೆಳಗೆ ಸಹಿ. ಚುನಾವಣೆಗೆ ಬೇಕಾದಾಗ ಎಣಿಸಿದ್ದಾರೆ, ದುಡ್ಡು ಕೊಡುವಾಗ ಎಣಿಸಿಲ್ಲ.

ನಿನ್ನೆ ಸಾಮಾನ್ಯ ಸಭೆ ಇತ್ತು. ಹದಿನಾರರಲ್ಲಿ ಹನ್ನೊಂದು ಜನ ಬಂದಿದ್ದರು, ಹನ್ನೊಂದೂ ಜನ ನಿರ್ಣಯಕ್ಕೆ ಒಪ್ಪಿದರು. ನನ್ನ ಜೊತೆ ಜಗಳ ಆಡಿದ ವಾರ್ಡಿನ ಸದಸ್ಯರೇ ಅನುಮೋದಿಸಿದರು. ಇವತ್ತು ಬೆಳಿಗ್ಗೆ ಅಧ್ಯಕ್ಷರೂ ನಾನೂ ಬಸ್ಸಿನಲ್ಲಿ ಹೋಗಿ ಮೂರು ಕಡೆ ಮನವಿ ಕೊಟ್ಟೆವು. ಎರಡು ಕಡೆ ಮೊಹರು ಹಾಕಿಕೊಟ್ಟರು. ಒಂದು ಕಡೆ "ಸಾಹೇಬರು ಇಲ್ಲ, ಸೋಮವಾರ ಬನ್ನಿ" ಅಂದರು. ಸೋಮವಾರ ಹೋಗುತ್ತೇನೆ.